ಹುಕ್ಕಿನ ಕೆಳಗಿನ ನೆಲ

ಕ್ಯಾಬಿನ್ನಿಗೆ ಹತ್ತುವ ಏಣಿ ಮುಟ್ಟಲು ನನಗೆ ಅಪ್ಪಣೆ ಸಿಕ್ಕಿದ್ದು ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೂ ನೆಲದ ಮೇಲೆ, ಮಾಲು ಕಟ್ಟುವ ಖಲಾಸಿಗಳ ಜೊತೆ. ಐಟಿಐನಲ್ಲಿ ಫಿಟ್ಟರ್ ಮುಗಿಸಿ ತೊಂಬತ್ತರ ದಶಕದ ನಡುವೆ ಪೀಣ್ಯದ ಒಂದು ಹೆವಿ ಫ್ಯಾಬ್ರಿಕೇಷನ್ ಕಾರ್ಖಾನೆಗೆ ಕ್ರೇನ್ ಆಪರೇಟರ್ ಟ್ರೈನಿಯಾಗಿ ಸೇರಿದ್ದೆ. ಸೇರಿದ ದಿನ ಮೇಸ್ತ್ರಿ ನನ್ನ ಕೈಗೆ ಕೊಟ್ಟಿದ್ದು ಒಂದು ವೈರ್ ಬ್ರಷ್ಷು, ಒಂದು ಡಬ್ಬ ಗ್ರೀಸು, ಮತ್ತು ಗೋಡೆಗೆ ನೇತುಹಾಕಿದ್ದ, ಮಾಲನ್ನು ಹುಕ್ಕಿಗೆ ಕಟ್ಟುವ ಸ್ಲಿಂಗುಗಳ ಲೆಕ್ಕದ ಪುಸ್ತಕ. "ಕೆಳಗೆ ಏನು ಕಟ್ತಾರೆ ಅಂತ ಗೊತ್ತಿಲ್ಲದೋನು ಮೇಲೆ ಕೂತು ಏನು ಎತ್ತುತ್ತಾನೆ ಮಾರಾಯ?" ಅಂದರು.

ಮೇಸ್ತ್ರಿ ಭದ್ರಾವತಿಯವರು. 1923ರಲ್ಲಿ ಕೆಲಸ ಶುರುಮಾಡಿ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣದ ಕಾರ್ಖಾನೆಯ ಊರು ಅದು. ಅವರ ತಂದೆ ಅಲ್ಲಿ ಕುಲುಮೆಯ ಕಡೆ ದುಡಿದವರು. ಇವರು ಕ್ರೇನ್ ಕಲಿತದ್ದೂ ಅಲ್ಲೇ, ಕರಗಿದ ಉಕ್ಕಿನ ಲ್ಯಾಡಲ್ ಎತ್ತುತ್ತಿದ್ದ ಹಿರಿಯರ ಪಕ್ಕ ನಿಂತು. ಬೆಂಗಳೂರಿಗೆ ಬಂದ ಮೇಲೆ ಎತ್ತುವ ಮಾಲು ತಣ್ಣಗಾಯಿತು, ಆದರೆ ಅವರ ಭಯಭಕ್ತಿ ತಣ್ಣಗಾಗಲಿಲ್ಲ. ಹಳೆಯ ಪ್ಲೇಟಿನ ತುಂಡೊಂದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಡುವಾಗಲೂ ಅದರಲ್ಲಿ ಬೆಂಕಿ ತುಂಬಿದೆ ಎಂಬಂತೆ ಇಡುತ್ತಿದ್ದರು. ನನ್ನ ಈಗಿನ ಕೆಲಸದಲ್ಲಿ ಏನಾದರೂ ಗುಣವಿದ್ದರೆ ಅದು ಅವರಿಂದ ಬಂದದ್ದು.

ಕ್ರೇನ್ ಅಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಮೆಟ್ರೋ ಕಂಬಗಳ ಪಕ್ಕ ಉದ್ದನೆಯ ತೋಳು ಚಾಚಿ ನಿಂತಿರುವ ಹಳದಿ ಗಾಡಿ. ನಮ್ಮದು ಶೆಡ್ಡಿನೊಳಗಿನ ಕ್ರೇನು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಇಓಟಿ ಅನ್ನುತ್ತಾರೆ. ಶೆಡ್ಡಿನ ಎರಡೂ ಬದಿಯ ಕಂಬಗಳ ಮೇಲೆ ಗ್ಯಾಂಟ್ರಿ, ಅದರ ಮೇಲೆ ರೈಲು ಹಳಿ. ಈ ಹಳಿಯಿಂದ ಆ ಹಳಿಗೆ ಅಡ್ಡಲಾಗಿ ಕೂತ ಗರ್ಡರು ಶೆಡ್ಡಿನ ಉದ್ದಕ್ಕೂ ಓಡುತ್ತದೆ. ಅದು ಎಲ್‌ಟಿ, ಲಾಂಗ್ ಟ್ರಾವೆಲ್. ಗರ್ಡರಿನ ಮೇಲೆ ಟ್ರಾಲಿ ಅಡ್ಡಡ್ಡ ಓಡುತ್ತದೆ, ಅದು ಸಿಟಿ, ಕ್ರಾಸ್ ಟ್ರಾವೆಲ್. ಟ್ರಾಲಿಯೊಳಗಿನ ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗ ಹುಕ್ಕನ್ನು ಮೇಲೆ ಕೆಳಗೆ ಒಯ್ಯುತ್ತದೆ, ಅದು ಹಾಯ್ಸ್ಟ್. ಇರುವುದು ಈ ಮೂರು ಚಲನೆ ಮಾತ್ರ. ನೋಡುವವರಿಗೆ ಸುಲಭ ಅನಿಸುವುದೂ ಇದರಿಂದಲೇ. ಶೆಡ್ಡಿನ ಹೊರಗೆ ಓಡಾಡುವ ಕ್ರೇನಿಗೆ ಮಗುಚಿ ಬೀಳುವ ಅಪಾಯವಿದೆ, ಹಾಗಾಗಿ ಜನ ದೂರ ನಿಲ್ಲುತ್ತಾರೆ. ಇಓಟಿ ಮಗುಚುವುದಿಲ್ಲ. ಅದರ ಕೆಳಗೆ ವೆಲ್ಡರುಗಳು, ಗ್ರೈಂಡರುಗಳು, ಪೇಂಟರುಗಳು ದಿನವಿಡೀ ಕೆಲಸ ಮಾಡುತ್ತಾ ಮೇಲೊಂದು ಹುಕ್ಕು ಓಡಾಡುತ್ತಿದೆ ಎಂಬುದನ್ನೇ ಮರೆತುಬಿಡುತ್ತಾರೆ. ಆ ಮರೆವನ್ನು ಕಾಯುವವನು ಕ್ಯಾಬಿನ್ನಿನಲ್ಲಿ ಕೂತವನು.

ಸ್ಲಿಂಗುಗಳ ಜೊತೆ ಕಳೆದ ಆ ತಿಂಗಳುಗಳಲ್ಲಿ ಕೈಯೇ ಕಣ್ಣಾಯಿತು. ವೈರ್ ರೋಪ್ ಸ್ಲಿಂಗನ್ನು ಬರಿಗೈಯಲ್ಲಿ ಸವರಬಾರದು. ಕಾಟನ್ ವೇಸ್ಟನ್ನು ಸುತ್ತ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಬೇಕು. ಎಲ್ಲಿ ಎಳೆ ಮುರಿದಿದೆಯೋ ಅಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಅಲ್ಲಿ ನಿಂತು ಬ್ರಷ್ಷಿನಿಂದ ಗ್ರೀಸು ಉಜ್ಜಿ ತೆಗೆದು, ಒಂದು ಸುತ್ತಿನೊಳಗೆ ಎಷ್ಟು ಎಳೆ ಮುರಿದಿದೆ ಎಂದು ಎಣಿಸಬೇಕು. ಹಗ್ಗ ಒಮ್ಮೆ ಗಂಟು ಬಿದ್ದು ನೆಟ್ಟಗಾಗಿದ್ದರೆ ಅದರ ಗುರುತು ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಕಾಣುವುದು ಕಷ್ಟ. ಅಂಥದ್ದನ್ನು ಮೇಸ್ತ್ರಿ ಬದಿಗಿಡುತ್ತಿರಲಿಲ್ಲ, ಗ್ಯಾಸ್ ಕಟರ್ ತರಿಸಿ ನಡುವೆಯೇ ಕತ್ತರಿಸುತ್ತಿದ್ದರು. ಬದಿಗಿಟ್ಟಿದ್ದನ್ನು ರಾತ್ರಿ ಪಾಳಿಯಲ್ಲಿ ಯಾರಾದರೂ ಎತ್ತಿಕೊಂಡೇ ಎತ್ತಿಕೊಳ್ಳುತ್ತಾರೆ ಎಂಬುದು ಅವರ ಅನುಭವ. ಬೆಲ್ಟ್ ಸ್ಲಿಂಗುಗಳು ನಮ್ಮಲ್ಲಿ ಆಗಿನ್ನೂ ಅಷ್ಟಾಗಿ ಬಂದಿರಲಿಲ್ಲ. ಈಗ ನೇರಳೆ ಬಣ್ಣದ್ದು 1 ಟನ್, ಹಸಿರು 2, ಹಳದಿ 3, ಕೆಂಪು 5 ಟನ್ ಎಂದು ಬಣ್ಣ ನೋಡಿಯೇ ಹೇಳಬಹುದು. ಆದರೆ ಪ್ಲೇಟಿನ ಚೂಪಾದ ಅಂಚಿಗೆ ಪ್ಯಾಕಿಂಗ್ ಇಲ್ಲದೆ ಹಾಕಿದರೆ ಯಾವ ಬಣ್ಣದ ಬೆಲ್ಟೂ ಉಳಿಯುವುದಿಲ್ಲ. ಪೈಪನ್ನು ಉದ್ದಕ್ಕೆ ಸೀಳಿ ಮಾಡಿದ ಅರ್ಧಚಂದ್ರದ ತುಂಡುಗಳನ್ನು ಅಂಚಿಗೆ ಕೊಟ್ಟು ಕಟ್ಟುವುದು ಅಂದೂ ಇತ್ತು, ಇಂದೂ ಇದೆ.

ಸ್ಲಿಂಗಿನ ಕೋನದ ಪಾಠ ನಡೆದದ್ದು ಒಂದು ಬಕೆಟ್ಟಿನಿಂದ. ಮೇಸ್ತ್ರಿ ಒಂದು ಬಕೆಟ್ಟಿಗೆ ಹಳೆಯ ನಟ್ಟು ಬೋಲ್ಟು ತುಂಬಿಸಿ, ಅದರ ಹಿಡಿಗೆ ಒಂದು ಸೆಣಬಿನ ಹಗ್ಗ ತೂರಿಸಿ, ಎರಡು ತುದಿಯನ್ನು ಇಬ್ಬರು ಖಲಾಸಿಗಳ ಕೈಗೆ ಕೊಟ್ಟರು. ಇಬ್ಬರೂ ಹತ್ತಿರ ನಿಂತು ಸಲೀಸಾಗಿ ಎತ್ತಿ ಹಿಡಿದರು. "ಒಂದು ಹೆಜ್ಜೆ ಹಿಂದೆ ಹೋಗ್ರಪ್ಪಾ" ಅಂದರು. ಹೋದರು. "ಇನ್ನೊಂದು." ಅಷ್ಟರಲ್ಲಿ ತೋಳು ಬಿಗಿಯಿತು. ಮೂರನೆಯ ಹೆಜ್ಜೆಗೆ ಹಗ್ಗ ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿತು, ಇಬ್ಬರ ಕೈಯೂ ನಡುಗತೊಡಗಿತು, ಬಕೆಟ್ಟು ನೆಲಕ್ಕೆ ಕೂತಿತು. "ಬಕೆಟ್ಟಿನ ತೂಕ ಜಾಸ್ತಿ ಆಯ್ತೇನೋ?" ಎಂದು ನನ್ನನ್ನು ಕೇಳಿದರು.

ಇಲ್ಲ, ತೂಕ ಅಷ್ಟೇ. ಲೆಕ್ಕ ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬಂತು. 10 ಟನ್ನಿನ ಲೋಡನ್ನು ಎರಡು ಕಾಲಿನ ಸ್ಲಿಂಗಿನಲ್ಲಿ ಎತ್ತುವಾಗ, ಕಾಲುಗಳು ನೆಲದ ಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೂ ಸುಮಾರು 5.8 ಟನ್ ಎಳೆತ. 45 ಡಿಗ್ರಿಗೆ ಇಳಿದರೆ 7 ಟನ್ ದಾಟುತ್ತದೆ. 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲೂ ಪೂರ್ತಿ 10 ಟನ್ ಹೊರುತ್ತದೆ. ಅರ್ಧರ್ಧ ಹಂಚಿಕೊಂಡಿವೆ ಎಂದು ನಂಬಿ 6 ಟನ್ನಿನ ಸ್ಲಿಂಗು ಹಾಕಿದವನು ಅಲ್ಲಿಗೆ ಮುಗಿದ. ಅಂದಿನಿಂದ ಮೇಲೆ ಕೂತಾಗಲೆಲ್ಲ ನಾನು ಮೊದಲು ನೋಡುವುದು ಸ್ಲಿಂಗು ಹುಕ್ಕಿನಿಂದ ಎಷ್ಟು ಅಗಲಕ್ಕೆ ಹರಡಿದೆ ಎಂಬುದನ್ನು. ಹುಕ್ಕಿನ ಎತ್ತರ ಸಾಲದು, ಉದ್ದನೆಯ ಸ್ಲಿಂಗು ಹಾಕಿದರೆ ಲೋಡು ಮೇಲೇಳುವುದಿಲ್ಲ ಎಂದು ಕೆಳಗಿನವರು ಗಿಡ್ಡ ಸ್ಲಿಂಗು ಹಾಕುವುದು ನಮ್ಮ ಶೆಡ್ಡುಗಳಲ್ಲಿ ಇವತ್ತಿಗೂ ನಡೆಯುತ್ತದೆ. ಅದಕ್ಕೆ ಸ್ಲಿಂಗಿನ ಕಾಲುಗಳನ್ನು ನೆಟ್ಟಗೆ ಇಳಿಬಿಡುವ ಸ್ಪ್ರೆಡರ್ ಬೀಮ್ ಬೇಕು. ಧೈರ್ಯದಿಂದ ಆಗುವ ಕೆಲಸವಲ್ಲ ಅದು.

ತೂಕದ ಲೆಕ್ಕವೂ ಬಾಯಿಪಾಠವಾಯಿತು. ಪ್ಲೇಟಿನ ಉದ್ದ ಅಗಲ ಮೀಟರಿನಲ್ಲಿ, ದಪ್ಪ ಮಿಲಿಮೀಟರಿನಲ್ಲಿ ತೆಗೆದುಕೊಂಡು ಗುಣಿಸಿ, ಬಂದದ್ದನ್ನು 7.85ರಿಂದ ಗುಣಿಸಿದರೆ ಕಿಲೋ ಸಿಗುತ್ತದೆ. ಆರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 20 ಮಿಲಿಮೀಟರ್ ದಪ್ಪದ ಪ್ಲೇಟು 1,413 ಕಿಲೋ. ಉರುಟು ಸರಳಾದರೆ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ, ಇದನ್ನು ಕಟ್ಟಡದ ಕೆಲಸದವರೂ ಬಲ್ಲರು. ಊಟಕ್ಕೆ ಕೂತಾಗ ಮೇಸ್ತ್ರಿ ದೂರದ ಒಂದು ಮಾಲಿನ ಕಡೆ ಗಲ್ಲ ತೋರಿಸಿ "ಎಷ್ಟಿದೆ?" ಅನ್ನುತ್ತಿದ್ದರು. ತುತ್ತು ನುಂಗುವುದರೊಳಗೆ ಉತ್ತರ ಬರಬೇಕು. "ಒಂದ್ ಅಂದಾಜು" ಎಂದು ಶುರುಮಾಡಿದರೆ ಕೋಪ ಬರುತ್ತಿತ್ತು. ಡ್ರಾಯಿಂಗ್ ಇದೆ, ಟೇಪಿದೆ, ಲೆಕ್ಕ ಗೊತ್ತಿದೆ, ಅಂದಾಜು ಯಾಕೆ ಎಂಬುದು ಅವರ ವಾದ. ಗೇರ್‌ಬಾಕ್ಸು, ಮೋಟಾರು ಕೂರಿಸಿದ ಬೇಸ್‌ಫ್ರೇಮು ಇಂಥವುಗಳಲ್ಲಿ ತೂಕದ ಜೊತೆ ತೂಕದ ನಡುವನ್ನೂ ಹುಡುಕಬೇಕು. ಹುಕ್ಕು ಅದರ ನೇರಕ್ಕೆ ಮೇಲಿಲ್ಲದಿದ್ದರೆ ಲೋಡು ನೆಲ ಬಿಟ್ಟ ಕೂಡಲೇ ತನ್ನ ನಡುವನ್ನು ತಾನೇ ಹುಡುಕಿಕೊಳ್ಳುತ್ತದೆ, ದಾರಿಯಲ್ಲಿ ಯಾರ ಮೊಣಕಾಲಿದೆ ಎಂದು ನೋಡುವುದಿಲ್ಲ.

ಕೊನೆಗೆ ಏಣಿ ಹತ್ತಿದೆ. ಗರ್ಡರಿನ ಕೆಳಗೆ ನೇತುಬಿದ್ದ ಪುಟ್ಟ ಗಾಜಿನ ಕೋಣೆ. ಮೇ ತಿಂಗಳಲ್ಲಿ ಶೀಟಿನ ಬಿಸಿ, ಕೆಳಗಿನಿಂದ ವೆಲ್ಡಿಂಗ್ ಹೊಗೆ ಎರಡೂ ಅಲ್ಲಿಗೇ ಬಂದು ಸೇರುತ್ತವೆ. ಹತ್ತಿದ ಮೇಲೂ ಮೊದಲು ಲಿವರ್ ಇಲ್ಲ, ಪಾಳಿಯ ಮೊದಲಿನ ತಪಾಸಣೆ. ಹುಕ್ಕಿನ ಬಾಯಿಯ ಎರಡೂ ತುಟಿಗೆ ಒಂದೊಂದು ಪಂಚ್ ಗುರುತು ಹೊಡೆದಿರುತ್ತಾರೆ. ಹೊಸದರಲ್ಲಿ ಆ ಎರಡು ಚುಕ್ಕೆಗಳ ನಡುವಿನ ಅಂತರ ಎಷ್ಟಿತ್ತೆಂದು ಪುಸ್ತಕದಲ್ಲಿ ಬರೆದಿರುತ್ತದೆ. ಡಿವೈಡರ್ ಇಟ್ಟು ಅಳೆದಾಗ ಅಂತರ ಹಿಗ್ಗಿದ್ದರೆ, ಆ ಹುಕ್ಕಿಗೆ ಯಾರೋ ತಾಳಲಾರದ ಭಾರ ಹಾಕಿದ್ದಾರೆ ಎಂದರ್ಥ. ಎಷ್ಟೇ ಗುಟ್ಟಾಗಿ ಮಾಡಿದ ಓವರ್‌ಲೋಡೂ ಆ ಚುಕ್ಕೆಗಳಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಹುಕ್ಕಿನ ಲ್ಯಾಚು, ರೋಪು ಡ್ರಮ್ಮಿನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ, ಹುಕ್ಕು ಪೂರ್ತಿ ಕೆಳಗಿಳಿದಾಗಲೂ ಡ್ರಮ್ಮಿನ ಮೇಲೆ ಕನಿಷ್ಠ ಎರಡು ಸುತ್ತು ಉಳಿಯುತ್ತದೆಯೇ, ಸೈರನ್ ಕೂಗುತ್ತದೆಯೇ.

ಆಮೇಲೆ ಲಿಮಿಟ್ ಸ್ವಿಚ್ಚು. ಖಾಲಿ ಹುಕ್ಕನ್ನು ನಿಧಾನಕ್ಕೆ ಮೇಲಕ್ಕೆ ಒಯ್ದು, ಅದು ತಾನಾಗಿ ನಿಲ್ಲುತ್ತದೆಯೇ ಎಂದು ನೋಡಬೇಕು. ನಿಲ್ಲದಿದ್ದರೆ ಹುಕ್ಕಿನ ಬ್ಲಾಕು ಡ್ರಮ್ಮಿಗೆ ಬಡಿದು ರೋಪು ಕಿತ್ತುಹೋಗುತ್ತದೆ. ಎಷ್ಟೋ ಕಡೆ ಆಪರೇಟರುಗಳು ಪ್ರತಿ ಸಲ ಲಿಮಿಟ್ ತಾಕುವವರೆಗೆ ಎತ್ತುತ್ತಾರೆ, ಹೇಗೂ ನಿಲ್ಲುತ್ತದಲ್ಲ ಎಂದು. ಮೇಸ್ತ್ರಿ ಇದನ್ನು ಸಹಿಸುತ್ತಿರಲಿಲ್ಲ. ಆ ಸ್ವಿಚ್ಚು ಇರುವುದು ಆಪರೇಟರಿನ ಗಮನ ತಪ್ಪಿದ ಒಂದು ಗಳಿಗೆಗೆ. ದಿನಕ್ಕೆ ನೂರು ಸಲ ತಾಕಿಸಿ ಸವೆಸಿದರೆ ಆ ಗಳಿಗೆ ಬಂದಾಗ ಅದು ಕೆಲಸಕ್ಕೆ ಬರುವುದಿಲ್ಲ.

ಇನ್ನು ತೂಗಾಟ. ಈ ಕೆಲಸದ ಜೀವ ಇರುವುದು ಇಲ್ಲಿ ಎಂದು ನಾನು ನಂಬಿದ್ದೇನೆ. ಕ್ರೇನು ಹೊರಟಾಗ ಲೋಡು ಹಿಂದುಳಿಯುತ್ತದೆ, ನಿಂತಾಗ ಮುಂದೆ ಹೋಗುತ್ತದೆ. ಮೊದಲ ದಿನಗಳಲ್ಲಿ ಮೇಸ್ತ್ರಿ ಸಣ್ಣ ಹುಕ್ಕಿಗೆ ಒಂದು ಇನ್ನೂರು ಲೀಟರಿನ ಬ್ಯಾರಲ್ ಕಟ್ಟಿಸಿ, ಕಂಠದವರೆಗೆ ನೀರು ತುಂಬಿಸಿ, ಬೇಯ, ಅಂದರೆ ಕ್ರೇನು ಓಡುವ ಅಂಕಣದ, ಆ ತುದಿಯಿಂದ ಈ ತುದಿಗೆ ಒಯ್ಯಲು ಹೇಳಿದರು. ದಾರಿಯಲ್ಲಿ ಅಲ್ಲಲ್ಲಿ ಮರದ ಕಂಬ ನಿಲ್ಲಿಸಿದ್ದರು. ಕಂಬಕ್ಕೆ ತಾಕಬಾರದು, ನೆಲ ಒದ್ದೆಯಾಗಬಾರದು. ನೆಲದ ಒದ್ದೆಯನ್ನು ನೋಡಿದರೆ ಸಾಕು, ಆಪರೇಟರ್ ಎಲ್ಲಿ ಅವಸರಪಟ್ಟ, ಎಲ್ಲಿ ಹೆದರಿ ತಟ್ಟನೆ ನಿಲ್ಲಿಸಿದ ಎಲ್ಲವೂ ಓದಲು ಸಿಗುತ್ತಿತ್ತು.

ತೂಗಾಟಕ್ಕೆ ಒಂದು ಲಯವಿದೆ, ಅದು ಲೋಡಿನ ತೂಕವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ರೋಪಿನ ಉದ್ದವೊಂದೇ ಅದನ್ನು ತೀರ್ಮಾನಿಸುತ್ತದೆ. ಹುಕ್ಕು ಒಂದು ಮೀಟರ್ ಮಾತ್ರ ಕೆಳಗಿದ್ದರೆ ಹೋಗಿ ಬರಲು ಸುಮಾರು ಎರಡು ಸೆಕೆಂಡು, ನಾಲ್ಕು ಮೀಟರಿಗೆ ನಾಲ್ಕು ಸೆಕೆಂಡು, ಒಂಬತ್ತು ಮೀಟರಿಗೆ ಆರು. ಎರಡು ಕ್ವಿಂಟಾಲಿನ ಬ್ಯಾರಲ್ಲಿಗೂ ಇಪ್ಪತ್ತು ಟನ್ನಿನ ಕಾಲಮ್ಮಿಗೂ ಲಯ ಒಂದೇ. ಹಾಗಾಗಿಯೇ ನೀರಿನ ಬ್ಯಾರಲ್ಲಿನಲ್ಲಿ ಕಲಿತದ್ದು ಮುಂದೆ ಕಾಲಮ್ಮಿಗೂ ಕೈ ಕೊಡಲಿಲ್ಲ. ತೂಗಾಡುವ ಲೋಡನ್ನು ಹಿಡಿಯಲು ಹೊಸಬರ ಕೈ ತಾನಾಗಿ ಎದುರು ದಿಕ್ಕಿನ ಲಿವರ್ ಎಳೆಯುತ್ತದೆ. ಅದರಿಂದ ತೂಗಾಟ ಇಮ್ಮಡಿಯಾಗುತ್ತದೆ. ಮಾಡಬೇಕಾದದ್ದು ಅದರ ಬೆನ್ನಿಗೆ ಹೋಗುವುದು. ಲೋಡು ಮುಂದಕ್ಕೆ ತೂಗುತ್ತಿದ್ದಾಗ ಕ್ರೇನನ್ನೂ ಅದೇ ಕಡೆಗೆ ಒಂದು ಚೂರು ಓಡಿಸಿ, ಲೋಡು ತನ್ನ ತುದಿ ಮುಟ್ಟಿ ಅರೆಕ್ಷಣ ನಿಲ್ಲುತ್ತದಲ್ಲ, ಸರಿಯಾಗಿ ಆಗ ಅದರ ನೆತ್ತಿಯ ಮೇಲೆ ಹೋಗಿ ನಿಲ್ಲಬೇಕು. ಆಗ ಲೋಡಿಗೆ ಹಿಂದಿರುಗಲು ಕಾರಣವೇ ಉಳಿಯುವುದಿಲ್ಲ, ನೇರವಾಗಿ ನಿಂತುಬಿಡುತ್ತದೆ. ಮೊದಲ ಸಲ ಹೀಗೆ ನಿಂತಾಗ ನನಗಾದ ಸಂತೋಷವನ್ನು ಇಷ್ಟು ವರ್ಷಗಳಲ್ಲಿ ಬೇರೆ ಯಾವ ಕೆಲಸವೂ ಕೊಟ್ಟಿಲ್ಲ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. "ಹಿಡೀಬಲ್ಲೆ ಅಂತ ಗೊತ್ತಾಯ್ತಲ್ಲ, ಇನ್ನು ತೂಗದ ಹಾಗೆ ಒಯ್ಯೋದು ಕಲಿ" ಅಂದರು.

ಓರೆಯಾಗಿ ಎಳೆಯುವುದನ್ನು ಅವರು ಪೂರ್ತಿ ನಿಷೇಧಿಸಿದ್ದರು. ಮಾಲು ಬೇಯ ಹೊರಗೆ ಒಂದಡಿ ಆಚೆ ಇದೆ, ಹುಕ್ಕನ್ನು ಎಳೆದು ಸಿಕ್ಕಿಸಿ ಸ್ವಲ್ಪ ಎಳೆದುಕೊಡು ಎಂದು ಕೆಳಗಿನವರು ಕೇಳುವುದುಂಟು. ಕ್ರೇನು ಇರುವುದು ನೇರ ಎತ್ತಲು. ಓರೆ ಎಳೆದರೆ ರೋಪು ತೋಡು ಬಿಟ್ಟು ಡ್ರಮ್ಮಿನ ಮೇಲೆ ಅಡ್ಡಾದಿಡ್ಡಿ ಸುತ್ತಿಕೊಳ್ಳುತ್ತದೆ, ಮಾಲು ನೆಲ ಬಿಟ್ಟೊಡನೆ ಬೀಸಿ ಬರುತ್ತದೆ.

ಕೆಳಗಿನವರ ಮಾತು ಮೇಲಕ್ಕೆ ಕೇಳಿಸುವುದಿಲ್ಲ. ಗ್ರೈಂಡಿಂಗ್ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳಿಸದು. ನಮ್ಮ ಖಲಾಸಿಗಳಲ್ಲಿ ಕೋಲಾರದ ಕಡೆಯವರು, ಧರ್ಮಪುರಿಯವರು, ಒಡಿಶಾದವರು ಇದ್ದರು. ಎತ್ತುವುದಕ್ಕೆ ಹಬೇಸ್, ಇಳಿಸುವುದಕ್ಕೆ ಆರ್ಯಾ ಎಂಬ ಹಳೆಯ ಹಡಗಿನವರ ಕೂಗು ಅವರೆಲ್ಲರಿಗೂ ಗೊತ್ತಿತ್ತು. ಆದರೆ ಆಪರೇಟರ್ ಕೆಲಸ ಮಾಡುವುದು ಕೈಸನ್ನೆಯ ಮೇಲೆ. ಮೊಣಕೈ ಮಡಚಿ ತೋರುಬೆರಳು ಮೇಲೆ ಮಾಡಿ ಸಣ್ಣಗೆ ತಿರುಗಿಸಿದರೆ ಎತ್ತು, ತೋಳು ಕೆಳಗೆ ಚಾಚಿ ಬೆರಳು ನೆಲಕ್ಕೆ ತೋರಿಸಿ ತಿರುಗಿಸಿದರೆ ಇಳಿಸು. ತೋಳು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಅತ್ತಿತ್ತ ಬೀಸಿದರೆ ನಿಲ್ಲಿಸು. ಸನ್ನೆ ಕೊಡುವವನು ಒಬ್ಬನೇ. ನಾಲ್ಕು ಜನ ನಾಲ್ಕು ಕಡೆಯಿಂದ ಕೈ ಆಡಿಸಿದರೆ ಲಿವರಿನಿಂದ ಕೈ ತೆಗೆದು ಕೂರಬೇಕು. ನಿಲ್ಲಿಸು ಎಂಬ ಸನ್ನೆಗೆ ಮಾತ್ರ ಈ ಕಟ್ಟಿಲ್ಲ. ಕಸ ಗುಡಿಸುವ ಅಕ್ಕ ಕೈ ಅಡ್ಡ ಬೀಸಿದರೂ ನಿಲ್ಲಬೇಕು, ಯಾಕೆ ಎಂದು ಆಮೇಲೆ ಕೇಳಬೇಕು. ಒಮ್ಮೆ ಆ ಅಕ್ಕನೇ ನನ್ನನ್ನು ನಿಲ್ಲಿಸಿದ್ದರು. ಲೋಡಿನ ಮೇಲೆ ಯಾರೋ ಮರೆತುಬಿಟ್ಟಿದ್ದ ಒಂದು ದೊಡ್ಡ ಸ್ಪ್ಯಾನರ್ ಅವರ ಕಣ್ಣಿಗೆ ಬಿದ್ದಿತ್ತು. ಮೇಲಿನಿಂದ ನನಗೂ, ಎದುರಿಗಿದ್ದ ಸನ್ನೆಯವನಿಗೂ ಅದು ಮರೆಯಾಗಿತ್ತು. ಮೇಸ್ತ್ರಿ ಅವತ್ತು ಮಧ್ಯಾಹ್ನ ಎಲ್ಲರ ಎದುರು ಅವರಿಗೆ ಕೈಮುಗಿದರು.

ಕಾನೂನಿನ ಪುಸ್ತಕದಲ್ಲೂ ನಮ್ಮ ಕೆಲಸಕ್ಕೊಂದು ಜಾಗವಿದೆ. ನಾನು ಕೆಲಸ ಕಲಿಯುವಾಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಎತ್ತುವ ಯಂತ್ರಗಳ ಬಗ್ಗೆಯೇ ಇತ್ತು. ಹನ್ನೆರಡು ತಿಂಗಳಿಗೆ ಒಮ್ಮೆಯಾದರೂ ಅರ್ಹರಾದವರಿಂದ ಕೂಲಂಕಷ ಪರೀಕ್ಷೆ ಆಗಬೇಕು, ಬರೆದಿರುವ ಸುರಕ್ಷಿತ ಭಾರಕ್ಕಿಂತ ಹೆಚ್ಚು ಎತ್ತಬಾರದು, ಕ್ರೇನಿನ ಹಳಿಯ ಮೇಲೆ ಅಥವಾ ಹತ್ತಿರ, ಅದು ಬಡಿಯಬಹುದಾದ ಜಾಗದಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಕ್ರೇನು ಅವರ ಆರು ಮೀಟರಿನೊಳಗೆ ಬರದಂತೆ ನೋಡಿಕೊಳ್ಳಬೇಕು ಎಂದು ಅದು ಹೇಳುತ್ತಿತ್ತು. ಕೊನೆಯದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಗ್ಯಾಂಟ್ರಿಯ ಮೇಲೆ ಲೈಟು ಬದಲಿಸಲು ಹೋದ ಎಲೆಕ್ಟ್ರಿಷಿಯನ್, ಸೋರುವ ಶೀಟಿಗೆ ತೇಪೆ ಹಾಕಲು ಹೋದ ಹುಡುಗ, ಇವರು ಆಪರೇಟರ್ ಕಣ್ಣಿಗೆ ಕಾಣುವುದೇ ಇಲ್ಲ. ಕ್ಯಾಬಿನ್ನಿನ ದೃಷ್ಟಿ ಕೆಳಕ್ಕೆ, ಅವರು ಇರುವುದು ಮೇಲೆ. ಮೇಸ್ತ್ರಿ ಅಂಥ ದಿನ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ತಾವು ಇಟ್ಟುಕೊಳ್ಳದೆ, ಮೇಲೆ ಹೋಗುವವನ ಜೇಬಿಗೇ ಹಾಕುತ್ತಿದ್ದರು. ಹಳಿಗೆ ಅಡ್ಡ ಕ್ಲ್ಯಾಂಪು ಬೇರೆ. ಮೇಲೆ ಹೋದವನು ಕೆಳಗೆ ಬಂದು ತಾನೇ ಬೀಗ ತೆಗೆಯುವವರೆಗೆ ಮಾಲೀಕರೇ ಬಂದು ನಿಂತರೂ ಕ್ರೇನು ಅಲುಗುತ್ತಿರಲಿಲ್ಲ.

ನಾನು ಒಬ್ಬನೇ ಕ್ಯಾಬಿನ್ ನೋಡಿಕೊಳ್ಳಲು ಶುರುಮಾಡಿದ ಮೇಲಿನ ಒಂದು ರಾತ್ರಿ ಪಾಳಿಯ ಸಂಗತಿ. ಹದಿನೆಂಟು ಟನ್ನಿನ ಒಂದು ಕಾಲಮ್ಮು ಲಾರಿಗೆ ಹೋಗಬೇಕಿತ್ತು. ಕ್ರೇನು 25 ಟನ್ನಿನದು, ಸ್ಲಿಂಗು ಸರಿಯಿದೆ, ಕೋನ ಸರಿಯಿದೆ, ನಡು ಸರಿಯಿದೆ. ಕಲಿಸಿದ ಹಾಗೆ ಒಂದು ಗೇಣಿಗಿಂತ ಕಡಿಮೆ, ನೂರು ಮಿಲಿಮೀಟರಿನಷ್ಟು ಎತ್ತಿ ಲಿವರನ್ನು ಸೊನ್ನೆಗೆ ತಂದು ಕೈ ಬಿಟ್ಟೆ. ಭಾರ ಇರುವಾಗ ಬ್ರೇಕು ಹಿಡಿಯುತ್ತದೆಯೇ ಎಂದು ನೋಡುವುದು ಹೀಗೆ. ಕಾಲಮ್ಮಿಗೂ ಕೆಳಗಿದ್ದ ಮರದ ದಿಮ್ಮಿಗೂ ನಡುವೆ ಟ್ಯೂಬ್‌ಲೈಟಿನ ಬೆಳಕು ಒಂದು ಪಟ್ಟಿಯಾಗಿ ಕಾಣುತ್ತಿತ್ತು. ಆ ಪಟ್ಟಿ ಸಣ್ಣದಾಗುತ್ತಾ ಬಂತು. ಮೋಟಾರು ನಿಂತಿದೆ, ಸದ್ದಿಲ್ಲ, ಆದರೂ ಬೆಳಕು ತೆಳ್ಳಗಾಗುತ್ತಾ ಹೋಗಿ ಕಾಲಮ್ಮು ದಿಮ್ಮಿಯ ಮೇಲೆ ಕೂತಿತು. ಬ್ರೇಕು ಜಾರುತ್ತಿತ್ತು.

ಮತ್ತೊಮ್ಮೆ ಎತ್ತಿ ನೋಡಲಿಲ್ಲ. ಪವರ್ ತೆಗೆದು ಕೆಳಗಿಳಿದೆ. ಸೂಪರ್‌ವೈಸರ್ ಓಡಿ ಬಂದು ಲಾರಿ ಕಾಯ್ತಿದೆ, ಬೆಳಗಾಗುವುದರೊಳಗೆ ಊರು ದಾಟಬೇಕು, ಒಂದೇ ಒಂದು ಲಿಫ್ಟು, ಬೇಗ ಬೇಗ ಒಯ್ದುಬಿಡು, ನಡುವೆ ನಿಲ್ಲಿಸಲೇಬೇಡ ಎಂದರು. ಇಂಥ ಮಾತು ಎಲ್ಲ ಶೆಡ್ಡಿನಲ್ಲೂ ಕೇಳಿಬರುತ್ತದೆ, ಆ ಮನುಷ್ಯ ಕೆಟ್ಟವನಲ್ಲ, ಅವನ ತಲೆಯ ಮೇಲೆ ಇನ್ನೊಬ್ಬ ಕೂತಿರುತ್ತಾನೆ. ನಾನು ಆಗಲ್ಲ ಸಾರ್ ಅಂದೆ. ಧ್ವನಿ ಸಣ್ಣದಾಗಿತ್ತು, ಆದರೆ ಮಾತು ಬದಲಿಸಲಿಲ್ಲ. ವಿಷಯ ತಿಳಿದು ಕ್ವಾರ್ಟರ್ಸಿನಿಂದ ಮೇಸ್ತ್ರಿ ಬನಿಯನ್ನಿನಲ್ಲೇ ಬಂದರು. ನನ್ನನ್ನು ಒಂದೇ ಪ್ರಶ್ನೆ ಕೇಳಿದರು, "ಎಷ್ಟು ಹೊತ್ತಿಗೆ ಕೂತಿತು?" ಹೇಳಿದೆ. ಸೂಪರ್‌ವೈಸರ್ ಕಡೆ ತಿರುಗಿ, "ಹುಡುಗ ನಿಲ್ಲಿಸಿದಾನೆ ಸಾರ್, ನಾನೂ ನಿಲ್ಲಿಸಿದೀನಿ. ಬರ್ಕೊಳ್ಳಿ" ಅಂದರು. ಬೆಳಗ್ಗೆ ಮೇಂಟೆನೆನ್ಸಿನವರು ಬ್ರೇಕು ಬಿಚ್ಚಿದಾಗ ಗೇರ್‌ಬಾಕ್ಸಿನ ಸೀಲು ಹೋಗಿ ಎಣ್ಣೆ ಬ್ರೇಕ್ ಡ್ರಮ್ಮಿನ ಮೇಲೆ ಇಳಿದಿತ್ತು, ಲೈನರುಗಳು ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿದ್ದವು. ಲಾರಿ ಒಂದು ದಿನ ತಡವಾಗಿ ಹೋಯಿತು.

ಆ ರಾತ್ರಿ ಮೇಸ್ತ್ರಿ ನನ್ನ ಪರ ನಿಲ್ಲದಿದ್ದರೆ? ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಆಪರೇಟರಿಗೆ ಎತ್ತುವುದನ್ನು ಕಲಿಸುವುದು ಕಷ್ಟವಲ್ಲ. ಎತ್ತುವುದಿಲ್ಲ ಎಂದು ಹೇಳುವುದನ್ನು ಕಲಿಸಬೇಕು, ಹೇಳಿದಾಗ ಅವನ ಹಿಂದೆ ಯಾರಾದರೂ ನಿಲ್ಲಬೇಕು. ಈ ಎರಡನೆಯದು ಇಲ್ಲದ ಕಡೆ ಮೊದಲನೆಯದು ಉಳಿಯುವುದಿಲ್ಲ. ಕೆಲಸಕ್ಕೆ ಸೇರಿ ಸ್ವಲ್ಪ ದಿನವಾದ ಹುಡುಗ, ಮನೆಯಲ್ಲಿ ತಂಗಿಯ ಮದುವೆಗೆ ಸಾಲ ಮಾಡಿರುವವನು, ತಾನೊಬ್ಬನೇ ಎಷ್ಟು ಸಲ ಇಲ್ಲ ಅನ್ನಬಲ್ಲ?

2007ರ ಏಪ್ರಿಲ್ 18ರಂದು ಚೀನಾದ ಲಿಯಾವೊನಿಂಗ್ ಪ್ರಾಂತದ ಚಿಂಗ್‌ಹೆ ಎಂಬಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ಟನ್ ಕರಗಿದ ಉಕ್ಕು ತುಂಬಿದ ಲ್ಯಾಡಲ್ ಕ್ರೇನಿನಿಂದ ಕೆಳಗೆ ಬಿತ್ತು. 32 ಜನ ಸತ್ತರು. ಪತ್ರಿಕೆಯಲ್ಲಿ ಓದಿ ನಾನು ಭದ್ರಾವತಿಗೆ ಫೋನ್ ಮಾಡಿದೆ, ಮೇಸ್ತ್ರಿ ಆಗ ನಿವೃತ್ತರಾಗಿ ಊರಿಗೆ ಹೋಗಿದ್ದರು. ಅವರಿಗೆ ಸುದ್ದಿ ತಿಳಿದಿತ್ತು. "ಅಷ್ಟು ಜನ ಅಲ್ಲಿ ಯಾಕಿದ್ದರು?" ಎಂಬುದೇ ಅವರ ಮೊದಲ ಮಾತು. ಪಾಳಿ ಬದಲಾಗುವ ಹೊತ್ತು, ಲ್ಯಾಡಲ್ ಸುರಿಯುವ ಜಾಗದ ಪಕ್ಕದ ಕೋಣೆಯಲ್ಲಿ ಜನ ಸೇರಿದ್ದರು. ಕರಗಿದ ಲೋಹಕ್ಕೆಂದೇ ಮಾಡಿದ ಕ್ರೇನು ಅದಲ್ಲ, ಸಾಮಾನ್ಯ ಕ್ರೇನು ಎಂಬುದು ಮುಂದೆ ತನಿಖೆಯಲ್ಲಿ ಹೊರಬಂತು. ಮೇಸ್ತ್ರಿ ಬಹಳ ಹೊತ್ತು ಮಾತಾಡಿದರು. ಯಂತ್ರ ಕೆಡುತ್ತದೆ, ಬ್ರೇಕು ಕೈಕೊಡುತ್ತದೆ, ಅದಕ್ಕೇ ಕೆಳಗಿನ ನೆಲ ಖಾಲಿ ಇರಬೇಕು ಅನ್ನುವುದು ಎಂದು ಮತ್ತೆ ಮತ್ತೆ ಹೇಳಿದರು. ಅವರ ಗಂಟಲು ಕಟ್ಟಿತ್ತು. ನೋಡದ ದೇಶದ, ಹೆಸರು ತಿಳಿಯದ ಆ ಮೂವತ್ತೆರಡು ಜನ ಅವರಿಗೆ ತಮ್ಮ ಪಾಳಿಯವರಾಗಿದ್ದರು.

ಈಗ ಕ್ಯಾಬಿನ್ನುಗಳು ಕಡಿಮೆಯಾಗಿವೆ. ಆಪರೇಟರ್ ಸೊಂಟಕ್ಕೆ ರಿಮೋಟ್ ಕಟ್ಟಿಕೊಂಡು ಲೋಡಿನ ಜೊತೆ ನೆಲದ ಮೇಲೆ ನಡೆಯುತ್ತಾನೆ. ಮೋಟಾರಿನ ವೇಗ ಹದಗೊಳಿಸುವ ಡ್ರೈವುಗಳು ಬಂದು ಹೊರಡುವುದೂ ನಿಲ್ಲುವುದೂ ನಯವಾಗಿದೆ. ಲೋಡ್ ಸೆಲ್ ಇದ್ದರೆ ತೂಕ ಅಂಕಿಯಲ್ಲೇ ಕಾಣುತ್ತದೆ, ತೂಗಾಟವನ್ನು ತಾನೇ ಹಿಡಿಯುವ ಏರ್ಪಾಡು ಇರುವ ಕ್ರೇನುಗಳೂ ಬಂದಿವೆ. ಇವೆಲ್ಲ ಒಳ್ಳೆಯದೇ, ನನಗೆ ಹಳೆಯದರ ಮೇಲೆ ವ್ಯಾಮೋಹವಿಲ್ಲ. ಬೇಸರವಾಗುವುದು ಕಲಿಕೆ ಕುಗ್ಗಿರುವುದಕ್ಕೆ. ರಿಮೋಟಿನಲ್ಲಿ ಬಾಣದ ಗುರುತು ಇದೆ, ಒತ್ತಿದ ಕಡೆ ಹೋಗುತ್ತದೆ, ಇನ್ನೇನು ಬೇಕು ಎಂದು ಬೆಳಗ್ಗೆ ಸೇರಿದ ಗುತ್ತಿಗೆಯ ಹುಡುಗನ ಕೈಗೆ ಮಧ್ಯಾಹ್ನಕ್ಕೆ ಕೊಟ್ಟುಬಿಡುವ ಶೆಡ್ಡುಗಳನ್ನು ನಾನು ಕಂಡಿದ್ದೇನೆ. ಮೇಲೆ ಕೂತವನಿಗೆ ಲೋಡಿನಿಂದ ದೂರವಾದರೂ ಇತ್ತು. ನೆಲದ ಮೇಲಿನವನು ಕಣ್ಣನ್ನು ಹುಕ್ಕಿನಲ್ಲಿಟ್ಟು ಹಿಂದೆ ಹಿಂದೆ ನಡೆಯುತ್ತಾ ಕೇಬಲ್ಲಿಗೆ ಎಡವುತ್ತಾನೆ, ಗೋಡೆಗೂ ಲೋಡಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಅವನಿಗೆ ಕಲಿಸಬೇಕಾದದ್ದು ನಮ್ಮ ಕಾಲಕ್ಕಿಂತ ಹೆಚ್ಚು, ಕೊಡುವ ಸಮಯ ಕಡಿಮೆ. ಪಾಳಿಯ ಮೊದಲಿನ ತಪಾಸಣೆಯನ್ನು ಉತ್ಪಾದನೆಯ ಸಮಯದಿಂದ ಕಳೆದ ನಷ್ಟ ಎಂದು ಬರೆಯುವ ರೂಢಿ ನಿಲ್ಲಬೇಕು. ಅದೂ ಕೆಲಸವೇ, ಅದಕ್ಕೂ ಕೂಲಿ ಇದೆ ಎಂದು ಪುಸ್ತಕದಲ್ಲಿ ಕಾಣಬೇಕು.

ಈಗ ನಾನೇ ಹುಡುಗರಿಗೆ ಕಲಿಸುತ್ತೇನೆ. ಕಾಟನ್ ವೇಸ್ಟು, ಬಕೆಟ್ಟು, ನೀರಿನ ಬ್ಯಾರಲ್ ಎಲ್ಲವೂ ಹಾಗೇ ಇವೆ. ಕೊನೆಯ ಪರೀಕ್ಷೆಯೊಂದನ್ನು ಮಾತ್ರ ನಾನು ಸೇರಿಸಿದ್ದೇನೆ. ಯಾರಿಗೂ ಹೇಳದೆ ಒಂದು ಲೋಡು ಕಟ್ಟಿಸಿರುತ್ತೇನೆ, ಅದರಲ್ಲೊಂದು ತಪ್ಪಿರುತ್ತದೆ. ಅಂಚಿಗೆ ಪ್ಯಾಕಿಂಗ್ ಇರುವುದಿಲ್ಲ, ಇಲ್ಲವೇ ಸ್ಲಿಂಗು ಅಗಲಕ್ಕೆ ಹರಡಿರುತ್ತದೆ. ಹುಡುಗ ಎತ್ತದ ಹಾಗೆ ಪವರ್ ಬೇರೆ ಕಡೆಯಿಂದ ತೆಗೆಸಿರುತ್ತೇನೆ. ಆಮೇಲೆ ಎತ್ತು ಎಂದು ಗಟ್ಟಿಯಾಗಿ ಹೇಳುತ್ತೇನೆ, ಲಾರಿ ಕಾಯುತ್ತಿದೆ ಎಂದು ಗದರುತ್ತೇನೆ. ಗುಂಡಿ ಒತ್ತಿದವರಿಗೆ ಇನ್ನಷ್ಟು ದಿನ ನೆಲದ ಕೆಲಸ. ಕಳೆದ ಬ್ಯಾಚಿನಲ್ಲಿ ರಾಯಚೂರಿನ ಕಡೆಯ ಒಬ್ಬ ಹುಡುಗ ರಿಮೋಟನ್ನು ಸೊಂಟದಿಂದ ಬಿಚ್ಚಿ ನನ್ನ ಕೈಗೇ ಕೊಟ್ಟ. "ನೀವಾ ಎತ್ರಿ ಸರ, ನಾ ಎತ್ತಂಗಿಲ್ಲ. ಮೊದ್ಲು ಆ ಚೂಪಿಗೆ ಏನರ ಇಡ್ರಿ" ಅಂದ. ಪೈಪಿನ ತುಂಡು ಎಲ್ಲಿವೆ ಎಂದು ಅವನಿಗೆ ಗೊತ್ತಿತ್ತು, ಹೋಗಿ ತಂದ. ನಾನು ಸ್ಲಿಂಗು ಸಡಿಲಿಸಿ ಹಿಡಿದುಕೊಂಡೆ, ಅವನು ನಾಲ್ಕೂ ಅಂಚಿಗೆ ಕೂರಿಸಿದ.